ಟ್ರ್ಯಾಕ್ಟರ್, ಹತ್ತು ಚಕ್ರದ ಲಾರಿ, ಟ್ರೇಲರ್: ಯಾವುದಕ್ಕೆ ಯಾವ ಲೈಸೆನ್ಸ್?

ಪ್ರಶ್ನೆ: ನಾನು ದಾವಣಗೆರೆ ತಾಲ್ಲೂಕಿನ ರೈತ, ವಯಸ್ಸು 27. ಆರು ವರ್ಷದಿಂದ ಲಘು ಮೋಟಾರು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್ ಇದೆ. ಮನೆಯ ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟಿಕೊಂಡು ಮೆಕ್ಕೆಜೋಳ, ಭತ್ತವನ್ನು ಎಪಿಎಂಸಿಗೆ ಸಾಗಿಸುತ್ತೇನೆ. ಸುಗ್ಗಿಯಲ್ಲಿ ಅಕ್ಕಪಕ್ಕದವರ ಮಾಲನ್ನೂ ಬಾಡಿಗೆಗೆ ಹೊಡೆಯುತ್ತೇನೆ. ಈಗ ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳಬೇಕೆಂದು ಒಂದು ಆರು ಚಕ್ರದ ಮಿನಿ ಲಾರಿ ಮತ್ತು ಒಂದು ಹತ್ತು ಚಕ್ರದ ಲಾರಿಯನ್ನು ನೋಡಿಟ್ಟಿದ್ದೇವೆ. ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಎಲ್‌ಎಂವಿ ಇದ್ದವರು ಲಾರಿಯನ್ನೂ ಓಡಿಸಬಹುದು ಎಂದು ಮಾವ ಹೇಳುತ್ತಾರೆ. ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟಿದರೇ ಬೇರೆ ಲೈಸೆನ್ಸ್ ಬೇಕು ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಒಂದು ವಾರದಲ್ಲಿ ಹೆವಿ ಲೈಸೆನ್ಸ್ ಕೈಗೆ ಕೊಡುತ್ತೇನೆ ಎನ್ನುವ ಏಜೆಂಟರೂ ಇದ್ದಾರೆ. ಇದರ ನಡುವೆ ಚಿತ್ರದುರ್ಗದ ಸ್ನೇಹಿತನೊಬ್ಬ, ತೋರಣಗಲ್ಲಿನಿಂದ ಉಕ್ಕು ಸಾಗಿಸುವ ಟ್ರೇಲರ್‌ಗೆ ಚಾಲಕನಾಗಿ ಬಾ ಎಂದು ಕರೆಯುತ್ತಿದ್ದಾನೆ. ತಮ್ಮನಿಗೆ 19 ವರ್ಷ, ಇನ್ನೂ ಯಾವ ಲೈಸೆನ್ಸೂ ಇಲ್ಲ. ನಾವು ಯಾವುದನ್ನು ಓಡಿಸಬಹುದು? ಅಪಘಾತವಾದರೆ ವಿಮೆ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಚಿಂತೆ ಒಂದೇ. ಕೈಯಲ್ಲಿರುವ ಲೈಸೆನ್ಸ್ ಎಷ್ಟು ದೊಡ್ಡ ಗಾಡಿಯವರೆಗೆ ಸಲ್ಲುತ್ತದೆ, ಮತ್ತು ಸಲ್ಲದ ಗಾಡಿಯನ್ನು ರಸ್ತೆಗಿಳಿಸಿ ಏನಾದರೂ ಆದರೆ ಹೊಲ ಮನೆಯ ಗತಿ ಏನು ಎಂಬುದೇ ಆ ಚಿಂತೆ. ಮೋಟಾರು ವಾಹನ ನಿರೀಕ್ಷಕನಾಗಿ, ನಿಮ್ಮ ಕಡೆಯವರ ಮಾತಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಆಗಿ, ಚಾಲನಾ ಪರೀಕ್ಷೆ ನಡೆಸುವುದು ಮತ್ತು ಅಪಘಾತಕ್ಕೀಡಾದ ವಾಹನಗಳನ್ನು ಪರಿಶೀಲಿಸಿ ವರದಿ ಬರೆಯುವುದು ನನ್ನ ವೃತ್ತಿಯಾಗಿತ್ತು. ಈ ಎರಡನೆಯ ಕೆಲಸದಲ್ಲಿ ಮತ್ತೆ ಮತ್ತೆ ಕಂಡದ್ದೆಂದರೆ, ಲೈಸೆನ್ಸೇ ಇಲ್ಲದವರಿಗಿಂತ, ತಮ್ಮ ಲೈಸೆನ್ಸ್ ಈ ಗಾಡಿಗೂ ಸಲ್ಲುತ್ತದೆ ಎಂದು ಯಾರದೋ ಮಾತು ನಂಬಿದವರೇ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ನಮ್ಮಲ್ಲಿ ಲಾರಿಯನ್ನು ಗುರುತಿಸುವುದು ಚಕ್ರದ ಲೆಕ್ಕದಿಂದ: ಆರು ಚಕ್ರ, ಹತ್ತು ಚಕ್ರ, ಹದಿನಾರು ಚಕ್ರ. ಕಾನೂನು ಚಕ್ರವನ್ನು ಎಣಿಸುವುದಿಲ್ಲ, ತೂಕವನ್ನು ನೋಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಪ್ರಕರಣದ ಪ್ರಕಾರ, ಸರಕನ್ನೋ ಬಾಡಿಗೆ ಪ್ರಯಾಣಿಕರನ್ನೋ ಸಾಗಿಸುವ ಸಾರಿಗೆ ವಾಹನವಾದರೆ ಅದರ ಒಟ್ಟು ತೂಕ, ಅಂದರೆ ಗಾಡಿಯ ಸ್ವಂತ ತೂಕ ಮತ್ತು ಅದು ಹೊರಲು ಅನುಮತಿ ಇರುವ ಭಾರ ಎರಡೂ ಸೇರಿ, 7,500 ಕಿಲೋಗ್ರಾಂ ಮೀರದಿದ್ದರೆ ಅದು ಲಘು ಮೋಟಾರು ವಾಹನ. ಕಾರು, ಟ್ರ್ಯಾಕ್ಟರ್ ಮತ್ತು ರೋಡ್ ರೋಲರ್‌ಗಳ ವಿಷಯದಲ್ಲಿ ಮಾತ್ರ ಖಾಲಿ ತೂಕವನ್ನು 7,500 ಕಿಲೋಗೆ ಹೋಲಿಸಿ ನೋಡಬೇಕು. ಒಟ್ಟು ತೂಕ 12,000 ಕಿಲೋ ದಾಟಿದ ಸರಕು ವಾಹನ ಭಾರಿ ವಾಹನ, ನಡುವಿನದು ಮಧ್ಯಮ. ಈ ತೂಕ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಗಾಡಿ ನೋಡಲು ಹೋದವರು ಎಂಜಿನ್ ಸದ್ದು ಕೇಳಿ, ಟೈರ್ ತಟ್ಟಿ, ಎಫ್‌ಸಿ ದಿನಾಂಕ ನೋಡಿ ಬರುತ್ತಾರೆ. ಲೈಸೆನ್ಸ್‌ನ ಪ್ರಶ್ನೆಗೆ ಉತ್ತರವಿರುವ ಆ ಒಂದು ಸಾಲನ್ನು ಓದುವವರು ಬಹಳ ಕಡಿಮೆ.

ನಿಮ್ಮ ಮಾವ ಹೇಳಿದ ಮಾತಿನಲ್ಲಿ ಅರ್ಧ ಸತ್ಯವಿದೆ. ಎಲ್‌ಎಂವಿ ಲೈಸೆನ್ಸ್ ಇರುವವನು ಹಳದಿ ಬೋರ್ಡಿನ ಚಿಕ್ಕ ಗಾಡಿಯನ್ನು ಓಡಿಸಲು ಪ್ರತ್ಯೇಕವಾಗಿ ಟ್ರಾನ್ಸ್‌ಪೋರ್ಟ್ ಎಂದು ಬರೆಸಿಕೊಳ್ಳಬೇಕೇ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. ಬೇಕಿಲ್ಲವೆಂದು ಮುಕುಂದ್ ದೇವಾಂಗನ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದನ್ನು ವಿಮಾ ಕಂಪನಿಗಳು ಪ್ರಶ್ನಿಸಿದ ಮೇಲೆ, 2024ರ ನವೆಂಬರ್ 6ರಂದು ರಂಭಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದೇ ನಿಲುವನ್ನು ಎತ್ತಿಹಿಡಿಯಿತು. ಆದರೆ ಆ ತೀರ್ಪು ಅನ್ವಯಿಸುವುದು ಒಟ್ಟು ತೂಕ 7,500 ಕಿಲೋ ಮೀರದ ಗಾಡಿಗಳಿಗೆ. ಅದಕ್ಕಿಂತ ಭಾರದ ವಾಹನ ಓಡಿಸುವವರಿಗೆ ಸಾರಿಗೆ ವಾಹನದ ಹೆಚ್ಚುವರಿ ಅರ್ಹತೆಗಳು ಮೊದಲಿನಂತೆಯೇ ಬೇಕು, ಅಪಾಯಕಾರಿ ಸರಕು ಸಾಗಿಸುವ ವಾಹನಗಳ ವಿಶೇಷ ನಿಯಮಗಳೂ ಹಾಗೆಯೇ ಉಳಿಯುತ್ತವೆ ಎಂದು ಅದೇ ತೀರ್ಪು ಸ್ಪಷ್ಟವಾಗಿ ಹೇಳಿದೆ. ಸುದ್ದಿಯ ತಲೆಬರಹದಲ್ಲಿ ಈ ತೂಕದ ಮಿತಿ ಬಿಟ್ಟುಹೋಗಿ, ಕೇಳಿದವರಿಂದ ಕೇಳಿದವರಿಗೆ ದಾಟುವ ಹೊತ್ತಿಗೆ ಎಲ್‌ಎಂವಿ ಇದ್ದರೆ ಲಾರಿಗೂ ನಡೆಯುತ್ತದೆ ಎಂಬ ಮಾತಾಗಿಬಿಟ್ಟಿದೆ.

ಹಾಗಾಗಿ ನೀವು ನೋಡಿಟ್ಟ ಹತ್ತು ಚಕ್ರದ ಲಾರಿಯನ್ನು ಈಗಿನ ಲೈಸೆನ್ಸಿನಲ್ಲಿ ಮುಟ್ಟುವಂತಿಲ್ಲ. ಮೂರು ಆಕ್ಸಲ್‌ನ ಅಂಥ ಲಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಪರಿಷ್ಕರಿಸಿದ ಗರಿಷ್ಠ ಒಟ್ಟು ತೂಕ 28.5 ಟನ್. ಆರು ಚಕ್ರದ ಮಿನಿ ಲಾರಿಯ ವಿಷಯದಲ್ಲಿ ಮಾತ್ರ ನಿಜವಾಗಿ ಎಚ್ಚರ ಬೇಕು, ಏಕೆಂದರೆ ನೋಡಲು ಒಂದೇ ಬಗೆಯಾಗಿ ಕಾಣುವ ಎರಡು ಗಾಡಿಗಳಲ್ಲಿ ಒಂದು 7,500ರ ಒಳಗಿದ್ದು ಇನ್ನೊಂದು ಅದನ್ನು ದಾಟಿರಬಹುದು. ಮಾರುವವನ ಮಾತನ್ನಾಗಲಿ ಬಾಡಿಯ ಉದ್ದವನ್ನಾಗಲಿ ನಂಬದೆ ಆರ್‌ಸಿಯಲ್ಲಿ ನೋಡಿ, ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿಯೂ ವಿವರ ತಾಳೆಮಾಡಿಕೊಳ್ಳಿ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. 7,500ರ ಒಳಗಿನ ಗಾಡಿಗೆ ಅದಕ್ಕಿಂತ ಹೆಚ್ಚು ಮಾಲು ತುಂಬಿದರೆ ಲೈಸೆನ್ಸ್ ಅಸಿಂಧುವಾಗುವುದಿಲ್ಲ, ಏಕೆಂದರೆ ವರ್ಗ ನಿರ್ಧಾರವಾಗುವುದು ನೋಂದಾಯಿತ ತೂಕದಿಂದ. ಆದರೆ ಮಿತಿಮೀರಿದ ಭಾರಕ್ಕೆ ಕಾಯ್ದೆಯ 194ನೇ ಪ್ರಕರಣ 20,000 ರೂಪಾಯಿ ದಂಡ ಮತ್ತು ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ವಿಧಿಸುತ್ತದೆ. ಮೆಕ್ಕೆಜೋಳದ ಸುಗ್ಗಿಯ ಬಾಡಿಗೆ ಲಾಭವನ್ನು ಲೆಕ್ಕ ಹಾಕುವಾಗ ಇದನ್ನೂ ಎದುರಿಗಿಟ್ಟುಕೊಳ್ಳಿ.

ಇನ್ನು ಟ್ರ್ಯಾಕ್ಟರ್. ಟ್ರೇಲರ್ ಕಟ್ಟಿದ ಕ್ಷಣಕ್ಕೆ ಲೈಸೆನ್ಸ್ ಸಲ್ಲದಾಗುತ್ತದೆ ಎಂಬ ಹೆದರಿಕೆಗೆ ಕಾನೂನಿನ ಆಧಾರವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ಕೃಷಿ ಟ್ರ್ಯಾಕ್ಟರನ್ನು ಸಾರಿಗೆಯೇತರ ವಾಹನ ಎಂದೇ ಕರೆಯುತ್ತವೆ, ಅದರ ಖಾಲಿ ತೂಕ 7,500 ಕಿಲೋಗೆ ಎಷ್ಟೋ ಕೆಳಗಿರುತ್ತದೆ. ನಾಗಶೆಟ್ಟಿ ಎಂಬ ಪ್ರಕರಣದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್, ಟ್ರ್ಯಾಕ್ಟರ್ ಓಡಿಸಲು ಊರ್ಜಿತ ಲೈಸೆನ್ಸ್ ಇರುವವನು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಹೇಳಿದೆ. ಆದ್ದರಿಂದ ನಿಮ್ಮ ಎಲ್‌ಎಂವಿ ಲೈಸೆನ್ಸಿನ ಬಗ್ಗೆ ನೆಮ್ಮದಿಯಾಗಿರಿ. ನಿಮಗೆ ಅಪಾಯವಿರುವುದು ಬೇರೆ ಕಡೆ, ಮತ್ತು ಅದನ್ನು ನಿಮಗೆ ಯಾರೂ ಹೇಳಿದಂತಿಲ್ಲ.

ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ತಾನೇ ಒಂದು ವಾಹನ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯ ಪಾಲಿಸಿಯಲ್ಲಿ ಅದರ ಉಲ್ಲೇಖವೂ ಅದಕ್ಕೆ ಕಟ್ಟಿದ ಪ್ರೀಮಿಯಂ ಕೂಡ ಬೇಕು. ಟ್ರ್ಯಾಕ್ಟರ್ ಹೊಸದಾಗಿ ತಂದಾಗ ಸಾಲದ ಬ್ಯಾಂಕು ವಿಮೆ ಮಾಡಿಸಿರುತ್ತದೆ. ಆಮೇಲೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರ್ ಕಟ್ಟಿಸಿದಾಗ ನೋಂದಣಿಯೂ ಇಲ್ಲ, ವಿಮೆಯೂ ಇಲ್ಲ. ಅಪಘಾತದ ದಿನ ವಿಮಾ ಕಂಪನಿಯ ವಕೀಲರು ಎತ್ತುವ ಮೊದಲ ಆಕ್ಷೇಪ ಇದೇ. ಎರಡನೆಯ ಆಕ್ಷೇಪ ಬಾಡಿಗೆಯದು. ಕೃಷಿ ಬಳಕೆಗೆಂದು ರಿಯಾಯಿತಿ ದರದಲ್ಲಿ ಪಡೆದ ಪಾಲಿಸಿಯಲ್ಲಿ ಬೇರೆಯವರ ಜಲ್ಲಿ, ಇಟ್ಟಿಗೆ, ಮರಳು ಹೊಡೆದರೆ ಷರತ್ತು ಮುರಿದಂತಾಗುತ್ತದೆ. ನೆರೆಯವರ ಭತ್ತವನ್ನು ಬಾಡಿಗೆಗೆ ಸಾಗಿಸುವುದನ್ನೂ ಕಂಪನಿಯವರು ಪ್ರಶ್ನಿಸಬಹುದು. ಮೂರನೆಯದು ಜನ. ಟ್ರ್ಯಾಕ್ಟರ್‌ನಲ್ಲಿ ಚಾಲಕನಿಗಲ್ಲದೆ ಬೇರೆಯವರಿಗೆ ಆಸನವಿಲ್ಲ. ಮಡ್‌ಗಾರ್ಡಿನ ಮೇಲೆ ಕೂತವರು ಬಿದ್ದು ಸತ್ತ ಪ್ರಕರಣಗಳ ವರದಿಗಳನ್ನು ಬರೆಯುವಾಗ ನನಗೆ ಆಗುತ್ತಿದ್ದ ಸಂಕಟ ಇಂದಿಗೂ ಕಡಿಮೆಯಾಗಿಲ್ಲ, ಏಕೆಂದರೆ ಅವರಲ್ಲಿ ಎಷ್ಟೋ ಮಂದಿ ನಾಟಿಗೋ ಕೊಯ್ಲಿಗೋ ಹೊರಟ ಹೆಣ್ಣುಮಕ್ಕಳು ಮತ್ತು ಅವರ ಜೊತೆಗಿದ್ದ ಮಕ್ಕಳು, ಅವರ ಮನೆಯವರಿಗೆ ಪರಿಹಾರ ದಕ್ಕುವುದೂ ಕಷ್ಟ. ನಿಮ್ಮ ಗಾಡಿಯಲ್ಲಿ ಆ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ.

ವಿಮೆಯ ಪ್ರಶ್ನೆಯನ್ನು ಈಗ ನೇರವಾಗಿ ತೆಗೆದುಕೊಳ್ಳೋಣ. ಚಾಲಕನಿಗೆ ಆ ವರ್ಗದ ಲೈಸೆನ್ಸ್ ಇಲ್ಲದಿದ್ದರೆ ವಿಮೆಯಿಂದ ಯಾರಿಗೂ ಏನೂ ಬರುವುದಿಲ್ಲ ಎಂಬುದೂ ತಪ್ಪು, ಹೇಗೋ ಕಂಪನಿಯೇ ಕಟ್ಟುತ್ತದೆ ಎಂಬ ಧೈರ್ಯವೂ ತಪ್ಪು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದ ತತ್ವದಂತೆ, ರಸ್ತೆಯಲ್ಲಿ ಗಾಯಗೊಂಡ ಅಥವಾ ಸತ್ತ ಮೂರನೆಯ ವ್ಯಕ್ತಿಯ ಕುಟುಂಬಕ್ಕೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಅದನ್ನು ವಾಹನ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕ್ಲೇಮ್ಸ್ ನ್ಯಾಯಮಂಡಳಿ ಆದೇಶಿಸಬಹುದು. ಸಂತ್ರಸ್ತರಿಗೆ ಇದು ನ್ಯಾಯ. ಮಾಲೀಕನಿಗೆ ಇದರ ಅರ್ಥ, ಲಕ್ಷಗಟ್ಟಲೆ ಹಣ ಅವನ ಆಸ್ತಿಯಿಂದ ಹೋಗುತ್ತದೆ ಎಂಬುದು. ರೈತನಿಗೆ ಆಸ್ತಿ ಎಂದರೆ ಹೊಲ. ಮಾಲೀಕನು ಚಾಲಕನ ಲೈಸೆನ್ಸನ್ನು ಪರಿಶೀಲಿಸಿ ನ್ಯಾಯವಾದ ಎಚ್ಚರ ವಹಿಸಿದ್ದನೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಆದರೆ ಮಾಲೀಕನೇ ಚಾಲಕನಾಗಿದ್ದಾಗ ಆ ಸಮರ್ಥನೆಗೆ ಜಾಗವೇ ಇರುವುದಿಲ್ಲ. ಗಾಡಿಗೆ ಆದ ನಷ್ಟದ ಕ್ಲೇಮು ತಿರಸ್ಕೃತವಾಗುವ ಸಂಭವವೇ ಹೆಚ್ಚು, ಮತ್ತು ಮಾಲೀಕ-ಚಾಲಕನಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗೂ ಊರ್ಜಿತ ಲೈಸೆನ್ಸೇ ಷರತ್ತು. ಇದರ ಮುಂದೆ, ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 181ನೇ ಪ್ರಕರಣ ಹೇಳುವ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಓಡಿಸಲು ಬಿಟ್ಟ ಮಾಲೀಕನಿಗೆ 180ನೇ ಪ್ರಕರಣ ಹೇಳುವ ಅಷ್ಟೇ ಶಿಕ್ಷೆ, ಇವು ಚಿಕ್ಕವಾಗಿಯೇ ಕಾಣುತ್ತವೆ.

ಹೆವಿ ಲೈಸೆನ್ಸ್ ಪಡೆಯುವ ದಾರಿ ನಿಮಗೆ ತೆರೆದೇ ಇದೆ. ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು, ಎರಡೂ ನಿಮಗಿವೆ. ಎಂಟನೇ ತರಗತಿ ಪಾಸಾಗಿರಬೇಕು ಎಂದು ಈಗಲೂ ಕೆಲವರು ಹೇಳುತ್ತಾರೆ, ಆ ಷರತ್ತನ್ನು 2019ರಲ್ಲೇ ತೆಗೆದುಹಾಕಲಾಗಿದೆ. ಲೈಸೆನ್ಸಿನ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ವೈದ್ಯರಿಂದ ನಮೂನೆ 1-ಎಯಲ್ಲಿ ದೇಹದಾರ್ಢ್ಯದ ಪ್ರಮಾಣಪತ್ರ ಪಡೆದು, ಮೊದಲು ಆ ವರ್ಗದ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್ ಮಾಡಿಸಬೇಕು. ಅದು ಆರು ತಿಂಗಳು ಊರ್ಜಿತ. ನೋಂದಾಯಿತ ಚಾಲನಾ ಶಾಲೆಯಲ್ಲಿ ತರಬೇತಿ ಮುಗಿಸಿ ನಮೂನೆ 5ರ ಪ್ರಮಾಣಪತ್ರದೊಂದಿಗೆ ಪರೀಕ್ಷೆಗೆ ಹೋಗಬೇಕು, ಪರೀಕ್ಷೆ ನಡೆಯುವುದು ನೀವು ಅರ್ಜಿ ಹಾಕಿದ ವರ್ಗದ ವಾಹನದಲ್ಲಿಯೇ. ಎಲ್‌ಎಲ್‌ಆರ್ ಬಂದ ದಿನದಿಂದ 30 ದಿನ ಕಳೆಯದೆ ಪರೀಕ್ಷೆಗೆ ಅವಕಾಶವಿಲ್ಲ. ನಿಮ್ಮ ಏಜೆಂಟರ ಒಂದು ವಾರದ ಮಾತು ಎಂಥದ್ದು ಎಂದು ತಿಳಿಯಲು ಈ ಒಂದು ನಿಯಮ ಸಾಕು: ಕಾನೂನುಬದ್ಧವಾಗಿ ಅದು ಆಗುವ ಕೆಲಸವೇ ಅಲ್ಲ. ಹಾಗೆ ಬರುವ ಕಾರ್ಡು ಒಂದೋ ನಕಲಿ, ಇಲ್ಲವೇ ದೂರದ ಯಾವುದೋ ಕಚೇರಿಯ ಹೆಸರಿನಲ್ಲಿ ಹುಟ್ಟಿದ್ದು, ಅಪಘಾತದ ನಂತರ ಪೊಲೀಸರೂ ವಿಮಾ ಕಂಪನಿಯೂ ಆ ಕಚೇರಿಗೆ ಪತ್ರ ಬರೆದಾಗ ಅದರ ಬಣ್ಣ ಬಯಲಾಗುತ್ತದೆ.

ಲೈಸೆನ್ಸ್ ಬಂದ ಮೇಲೆ ಒಂದು ಗೊಂದಲ ಬಹಳ ಜನರಿಗೆ ಆಗುತ್ತದೆ. ಕಾರ್ಡಿನಲ್ಲಿ ಎರಡು ಮುಕ್ತಾಯ ದಿನಾಂಕಗಳಿರುತ್ತವೆ, ಸಾರಿಗೆಯೇತರ ವರ್ಗಕ್ಕೆ ಒಂದು, ಹೆವಿ ಸೇರಿದ ಸಾರಿಗೆ ವರ್ಗಕ್ಕೆ ಇನ್ನೊಂದು. ಸಾರಿಗೆ ವರ್ಗದ್ದು ಐದೇ ವರ್ಷ. ಅಪಾಯಕಾರಿ ಸರಕಿನ ಅನುಮತಿ ಮೂರು ವರ್ಷ. ದೂರದ ದಿನಾಂಕವನ್ನು ನೋಡಿಕೊಂಡು ಸುಮ್ಮನಿದ್ದವರು ಹೆವಿ ವರ್ಗದ ಅವಧಿ ಮುಗಿದದ್ದನ್ನು ಗಮನಿಸುವುದಿಲ್ಲ. ಮುಗಿದ ಮೇಲೂ 30 ದಿನ ಊರ್ಜಿತ ಎಂಬ ಹಿಂದಿನ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಗಿದೆ. ನವೀಕರಣಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು, ಮುಗಿದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು.

ನಿಮ್ಮ ಸ್ನೇಹಿತ ಕರೆದಿರುವ ಟ್ರೇಲರ್ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಮುಂದೆ ಎಳೆಯುವ ಹಾರ್ಸ್, ಅದರ ಮೇಲೆ ಭಾರದ ಒಂದು ಭಾಗವನ್ನು ಊರಿ ನಿಲ್ಲುವ ಸೆಮಿ-ಟ್ರೇಲರ್, ಇವೆರಡೂ ಸೇರಿದ್ದನ್ನು ಕಾಯ್ದೆ ಆರ್ಟಿಕ್ಯುಲೇಟೆಡ್ ವಾಹನ ಎನ್ನುತ್ತದೆ. 2018ರ ನಂತರ ಇಂಥ ಜೋಡಣೆಯ ಗರಿಷ್ಠ ಒಟ್ಟು ತೂಕ 55 ಟನ್‌ವರೆಗೆ ಹೋಗುತ್ತದೆ. ಆದರೆ ಲೈಸೆನ್ಸಿನ ವರ್ಗಗಳನ್ನು ಪಟ್ಟಿಮಾಡುವ 10ನೇ ಪ್ರಕರಣದಲ್ಲಿ ಟ್ರೇಲರ್ ಎಂಬ ಪ್ರತ್ಯೇಕ ವರ್ಗವಿಲ್ಲ. ಮಧ್ಯಮ ಮತ್ತು ಭಾರಿ, ಸರಕು ಮತ್ತು ಪ್ರಯಾಣಿಕ ಎಂದಿದ್ದ ನಾಲ್ಕು ವರ್ಗಗಳನ್ನು 1994ರ ತಿದ್ದುಪಡಿ ಸಾರಿಗೆ ವಾಹನ ಎಂಬ ಒಂದೇ ವರ್ಗಕ್ಕೆ ಸೇರಿಸಿತು. ಹೀಗಾಗಿ ಸಾಮಾನ್ಯ ಲಾರಿಯಲ್ಲಿ ಪರೀಕ್ಷೆ ಪಾಸಾದವನು ಮರುದಿನವೇ ಉಕ್ಕಿನ ಸುರುಳಿ ಹೊತ್ತ ಟ್ರೇಲರ್ ಹತ್ತಲು ಕಾಯ್ದೆಯ ಈ ಪಟ್ಟಿ ಅಡ್ಡಿಯಾಗುವುದಿಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಅವೆರಡೂ ಬೇರೆ ಬೇರೆ ವಿದ್ಯೆಗಳು.

ತಿರುವಿನಲ್ಲಿ ಟ್ರೇಲರ್‌ನ ಹಿಂದಿನ ಚಕ್ರಗಳು ಹಾರ್ಸ್ ಹೋದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಸರ್ವಿಸ್ ರಸ್ತೆಯ ಮೂಲೆಯಲ್ಲಿ ಎಡಕ್ಕೆ ನಿಂತ ಬೈಕ್ ಸವಾರ ಸಿಕ್ಕಿಕೊಳ್ಳುವುದು ಹೀಗೆ. ಮಳೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದಾಗ ಹಾರ್ಸ್‌ನ ಚಕ್ರಗಳು ಬಿಗಿದು ಜಾರಿದರೆ, ಹಿಂದಿನಿಂದ ನೂಕುವ ಭಾರ ಅದನ್ನು ಅಡ್ಡಕ್ಕೆ ತಿರುಗಿಸಿ ಮಡಿಚಿಬಿಡುತ್ತದೆ, ಆಗ ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಉಪಯೋಗವಿಲ್ಲ. ಹಿಮ್ಮುಖವಾಗಿ ನಡೆಸುವಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್‌ನ ಬಾಲ ಬಲಕ್ಕೆ ಹೋಗುತ್ತದೆ. ಇದು ಟ್ರ್ಯಾಕ್ಟರ್ ಅಭ್ಯಾಸವಿರುವ ನಿಮಗೆ ಗೊತ್ತು, ಮತ್ತು ಈ ಒಂದು ವಿಷಯದಲ್ಲಿ ಕಾರಿನಿಂದ ಬಂದವರಿಗಿಂತ ನೀವು ಮುಂದಿದ್ದೀರಿ. ಉಳಿದದ್ದು ಹೊಸದು: ಟ್ರೇಲರನ್ನು ಹಾರ್ಸ್‌ಗೆ ಸೇರಿಸುವ ಕಿಂಗ್‌ಪಿನ್ ಕೂತು ಲಾಕ್ ಬಿದ್ದಿದೆಯೇ ಎಂದು ಬಗ್ಗಿ ಕಣ್ಣಾರೆ ನೋಡುವುದು, ಎರಡೂ ಏರ್ ಪೈಪುಗಳನ್ನು ಸರಿಯಾಗಿ ಕೂಡಿಸುವುದು, ಗಾಳಿಯ ಒತ್ತಡ ಪೂರ್ತಿ ಏರುವವರೆಗೆ ಗಾಡಿ ಕದಲಿಸದಿರುವುದು, ಸುರುಳಿಗಳನ್ನು ಸರಪಳಿಯಿಂದ ಬಿಗಿದು ದಾರಿಯಲ್ಲಿ ನಿಂತು ಮತ್ತೆ ಪರೀಕ್ಷಿಸುವುದು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಚಾಳಿಯನ್ನಂತೂ ಯಾರಿಂದಲೂ ಕಲಿಯಬೇಡಿ. ಎಂಜಿನ್ನಿನ ಹಿಡಿತ ತಪ್ಪಿದ 50 ಟನ್ನನ್ನು ಬ್ರೇಕ್ ಲೈನರ್‌ಗಳೇ ತಡೆಯಬೇಕಾಗುತ್ತದೆ, ಅವು ಕಾದು ಹಿಡಿತ ಕಳೆದುಕೊಂಡ ಮೇಲೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಆರು ಚಕ್ರದ ಗಾಡಿ ಆರ್‌ಸಿಯ ಪ್ರಕಾರ 7,500ರ ಒಳಗಿದ್ದರೆ ಅದನ್ನು ಕೊಂಡು ಈಗಿನ ಲೈಸೆನ್ಸಿನಲ್ಲೇ ದುಡಿಯಬಹುದು. ತೀರ್ಪು ನಿಮ್ಮ ಬೆನ್ನಿಗಿದೆ, ಅಪಾಯ ಕಡಿಮೆ, ಆದಾಯವೂ ಅಷ್ಟಕ್ಕಷ್ಟೇ. ಹತ್ತು ಚಕ್ರದ ಲಾರಿಯೇ ಬೇಕೆಂದಿದ್ದರೆ ಮೊದಲು ಲೈಸೆನ್ಸ್, ಆಮೇಲೆ ಗಾಡಿ. ಕಂತು ಶುರುವಾದ ಮೇಲೆ ಗಾಡಿ ಖಾಲಿ ನಿಲ್ಲಿಸಲಾಗದೆ ಲೈಸೆನ್ಸ್ ಇಲ್ಲದೆಯೇ ಹೊರಟವರನ್ನು ನಾನು ಬಲ್ಲೆ. ಚಾಲಕನನ್ನು ಇಟ್ಟುಕೊಳ್ಳುವುದಾದರೆ ಅವನ ಲೈಸೆನ್ಸ್ ಸಂಖ್ಯೆಯನ್ನು ಸಾರಥಿಯಲ್ಲಿ ನೀವೇ ಪರಿಶೀಲಿಸಿ, ವರ್ಗ ಮತ್ತು ಸಾರಿಗೆ ಅವಧಿ ಎರಡನ್ನೂ ನೋಡಿ, ಆ ಪುಟದ ಪ್ರತಿಯನ್ನು ತೆಗೆದಿಡಿ. ಮಾಲೀಕ ಎಚ್ಚರ ವಹಿಸಿದ್ದ ಎನ್ನಲು ಅದು ಸಾಕ್ಷಿಯಾಗುತ್ತದೆ. ಟ್ರೇಲರ್ ಕೆಲಸಕ್ಕೆ ಈಗಲೇ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಹೆವಿ ಲೈಸೆನ್ಸ್ ಪಡೆದು, ಸಾಮಾನ್ಯ ಲಾರಿಯಲ್ಲಿ ಒಂದೆರಡು ವರ್ಷ ಹಗಲು ರಾತ್ರಿ, ಮಳೆ ಬಿಸಿಲು ಎಲ್ಲದರಲ್ಲೂ ಓಡಿಸಿ, ಆಮೇಲೆ ಅನುಭವಿ ಟ್ರೇಲರ್ ಚಾಲಕನ ಪಕ್ಕದಲ್ಲಿ ಕೆಲವು ತಿಂಗಳು ಕೂತು ಕಲಿತು ಹೋಗಿ. ಸಾಧ್ಯವಾದರೆ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರವನ್ನು ಹುಡುಕಿ. 2021ರಲ್ಲಿ ರೂಪುಗೊಂಡ ಆ ಪಠ್ಯಕ್ರಮದಲ್ಲಿ ಮಧ್ಯಮ ಮತ್ತು ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ಕಲಿಕೆ ಇದೆ.

ತಮ್ಮನ ವಿಷಯ. 19ರ ವಯಸ್ಸಿನಲ್ಲಿ ಹೆವಿ ವರ್ಗದ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ, ಮತ್ತು ಯಾವ ಲೈಸೆನ್ಸೂ ಇಲ್ಲದಿರುವಾಗ ಅವನು ಮನೆಯ ಟ್ರ್ಯಾಕ್ಟರನ್ನೂ ರಸ್ತೆಗೆ ತರುವಂತಿಲ್ಲ. ಈಗಲೇ ಎಲ್‌ಎಂವಿಗೆ ಅರ್ಜಿ ಹಾಕಿಸಿ. ಹೆವಿ ವರ್ಗಕ್ಕೆ ಬೇಕಾದ ಒಂದು ವರ್ಷದ ಲೆಕ್ಕ ಶುರುವಾಗುವುದು ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದ ದಿನದಿಂದ, ಎಲ್‌ಎಲ್‌ಆರ್ ಬಂದ ದಿನದಿಂದಲ್ಲ.